ಏಯ್ಯಫ್ಯತ್ಲಯೋಕುತ್ಲು: ಹೆಸರು, ಉಚ್ಚಾರ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಏಯ್ಯಫ್ಯತ್ಲಯೋಕುತ್ಲು ಎಂಬ ಬೆಟ್ಟ ಬೂದಿ ಉಗುಳಿತು. ಯೂರೋಪಿನ ಬಹುಪಾಲು ವಿಮಾನಗಳು ನೆಲಕ್ಕೆ ಇಳಿದು ನಿಂತವು. ಆ ವಾರ ಜಗತ್ತಿನ ಎಷ್ಟೋ ವಾರ್ತೆ ಓದುವವರು ಬೆಟ್ಟದ ಹೆಸರು ಬಂದ ಕೂಡಲೇ ತಡವರಿಸಿದರು. ಕೆಲವರು "ಐಸ್‌ಲ್ಯಾಂಡಿನ ಜ್ವಾಲಾಮುಖಿ" ಎಂದಷ್ಟೇ ಹೇಳಿ ಮುಂದೆ ಹೋದರು. ಅಲ್ಲಿಂದ ಈಚೆಗೆ ಇದಕ್ಕೆ "ಹೇಳೋಕೆ ಆಗದ ಹೆಸರು" ಅನ್ನುವ ಹಣೆಪಟ್ಟಿ ಅಂಟಿಕೊಂಡಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬೇರೆಯವರ ಮಾತು ಹೇಗೋ ಏನೋ, ಕನ್ನಡದ ನಾಲಿಗೆಗೆ ಇದು ಖಂಡಿತ ಒಗ್ಗುತ್ತದೆ.

ಮೊದಲು ಒಂದೇ ಸಾಲಿನಲ್ಲಿ ಹೇಳಿ. ಹೇಗೆ ಉಚ್ಚರಿಸಬೇಕು?

ಏಯ್ಯ – ಫ್ಯತ್ಲ – ಯೋಕುತ್ಲ್.

ಒತ್ತು ಮೊದಲ "ಏಯ್" ಮೇಲೆ ಬೀಳುತ್ತದೆ. ಐಸ್‌ಲ್ಯಾಂಡಿಕ್ ಮಾತಿನಲ್ಲಿ ಒತ್ತು ಪದದ ಮೊದಲಿಗೇ ಬರುವುದು ವಾಡಿಕೆ. ಯಾರನ್ನಾದರೂ ದೂರದಿಂದ "ಏಯ್!" ಎಂದು ಕೂಗುತ್ತೀರಲ್ಲ, ಹಾಗೆ ಶುರು ಮಾಡಿ. ಉಳಿದದ್ದು ಅದರ ಹಿಂದೆಯೇ ಇಳಿಜಾರಿನಲ್ಲಿ ಇಳಿದ ಹಾಗೆ ಬರುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಹೀಗೆ ಓದಬೇಕು ಅಂತ ಅನಿಸುವುದೇ ಇಲ್ಲವಲ್ಲ?

ತೊಡಕು ಇರುವುದೇ ಅಲ್ಲಿ. ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೇನೆ: ಇ, ವೈ, ಜೆ, ಎ, ಎಫ್, ಜೆ, ಎ, ಎಲ್, ಎಲ್, ಎ, ಜೆ, ಚುಕ್ಕಿ ಇಟ್ಟ ಓ, ಕೆ, ಯು, ಎಲ್, ಎಲ್. ಒಟ್ಟು 16. ಅಕ್ಷರ ರೋಮನ್ ಆದರೂ ಭಾಷೆ ಐಸ್‌ಲ್ಯಾಂಡಿಕ್. ಇಂಗ್ಲಿಷಿನ ಅಭ್ಯಾಸವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತೇವೆ.

ಜೆ ಅಕ್ಷರ ಈ ಹೆಸರಿನಲ್ಲಿ ಮೂರು ಸಲ ಬರುತ್ತದೆ. ಮೂರು ಕಡೆಯೂ ಅದು "ಯ", ಎಲ್ಲಿಯೂ "ಜ" ಅಲ್ಲ. ಇದು ನಮಗೆ ಹೊಸದೇನೂ ಅಲ್ಲ. ಐಸ್‌ಲ್ಯಾಂಡಿನ ರಾಜಧಾನಿಯನ್ನು ಕನ್ನಡದಲ್ಲಿ ರೇಕ್ಯಾವಿಕ್ ಎಂದೇ ಬರೆಯುತ್ತೇವೆ. ಅದರ ಒಳಗೂ ಇರುವುದು ಇದೇ ಜೆ. ನಾರ್ವೆಯ ಫಿಯೋರ್ಡ್ ಬಗ್ಗೆ ಶಾಲೆಯಲ್ಲಿ ಓದಿದವರಿಗೂ ಈ "ಯ" ಗೊತ್ತು. ಈ ಒಂದು ತಪ್ಪು ತಿದ್ದಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಎರಡು ಎಲ್ ಇದ್ದರೆ "ಲ್ಲ" ಅಲ್ವಾ? "ತ್ಲ" ಎಲ್ಲಿಂದ ಬಂತು?

ಎಲ್ಲರೂ ಎಡವುವ ಜಾಗ ಇದು. ನಾವು ಸುಲಭವಾಗಿ ದಾಟಬಹುದಾದ ಜಾಗವೂ ಇದೇ.

ಐಸ್‌ಲ್ಯಾಂಡಿಕ್‌ನಲ್ಲಿ ಎರಡು ಎಲ್ ಒಟ್ಟಿಗೆ ಬಂದರೆ ಸಾಮಾನ್ಯವಾಗಿ "ತ್ಲ್" ಎಂದು ಹೇಳುತ್ತಾರೆ. ನಾಲಿಗೆಯ ತುದಿ ಹಲ್ಲಿನ ಹಿಂದೆ "ತ್" ಹೇಳುವ ಜಾಗಕ್ಕೆ ಹೋಗಿ ಒತ್ತುತ್ತದೆ. ತುದಿಯನ್ನು ಎತ್ತುವುದಿಲ್ಲ. ಗಾಳಿ ನಾಲಿಗೆಯ ಎರಡು ಬದಿಯಿಂದ ಹೊರಗೆ ನುಗ್ಗುತ್ತದೆ. ಇಷ್ಟೇ ಕೆಲಸ.

ಈಗ ಈ ಪದಗಳನ್ನು ಜೋರಾಗಿ ಹೇಳಿ: ಹಿತ್ಲು. ಕತ್ಲೆ. ಸುತ್ಲು. ಬೆತ್ಲೆ. ಬರೆಯುವಾಗ ಹಿತ್ತಲು, ಕತ್ತಲೆ, ಸುತ್ತಲು, ಬೆತ್ತಲೆ ಎಂದು ಬರೆದರೂ ಮಾತಾಡುವಾಗ ಎಷ್ಟು ಜನ ನಡುವಿನ "ತ್ತ" ಬಿಡಿಸಿ ಹೇಳುತ್ತೇವೆ? "ಕತ್ಲೆ ಆಯ್ತು, ಹಿತ್ಲ ಬಾಗಿಲು ಹಾಕು" ಅನ್ನುವ ಅಜ್ಜಿಯ ಬಾಯಲ್ಲಿ ಐಸ್‌ಲ್ಯಾಂಡಿನ "ತ್ಲ್" ಎರಡು ಸಲ ಬಂದು ಹೋಯಿತು. ಇಂಗ್ಲಿಷ್ ಮಾತ್ರ ಬಲ್ಲವರು ಈ ಸದ್ದಿಗಾಗಿ ಪಾಡು ಪಡುತ್ತಾರೆ. ನಮಗೆ ಅದು ಮನೆ ಮಾತು.

ಪದದ ಕೊನೆಯ "ತ್ಲ್" ಮಾತ್ರ ಸ್ವಲ್ಪ ಬೇರೆ. ಅಲ್ಲಿ ದನಿ ಇರುವುದಿಲ್ಲ, ಬರೀ ಉಸಿರು. "ಹಿತ್ಲು" ಎಂದು ಹೇಳಿ, ಕೊನೆಯ "ಉ" ಬಿಟ್ಟುಬಿಡಿ, "ಲ್" ಅನ್ನು ಪಿಸುಮಾತಿನಲ್ಲಿ ಹೇಳಿ. ಆ ಕೊನೆ ಎಷ್ಟು ಮೆಲ್ಲಗಿರುತ್ತದೆ ಎಂದರೆ, ಮೊದಲ ಸಲ ಕೇಳುವವರಿಗೆ ಪದ "ಯೋಕುತ್" ಎಂದೇ ಮುಗಿದಂತೆ ಕೇಳಿಸುತ್ತದೆ.

ಎರಡು ಎಲ್ ಇದ್ದ ಕಡೆಯೆಲ್ಲ ಹೀಗೇನಾ ಅಂದರೆ, ಇಲ್ಲ. ಹಾಲ್ದೋರ್ ಎಂಬ ಗಂಡಸರ ಹೆಸರಿನಲ್ಲಿ ಎರಡು ಎಲ್ ಇವೆ. ಮುಂದೆ ಇನ್ನೊಂದು ವ್ಯಂಜನ ಇರುವುದರಿಂದ ಅಲ್ಲಿ ಬರೀ "ಲ್". ಕಾಲ್ಲಿ, ವಿಲ್ಲಿ ತರಹದ ಮುದ್ದಿನ ಹೆಸರುಗಳಲ್ಲೂ ನಮ್ಮ "ಲ್ಲ" ಇದ್ದ ಹಾಗೆಯೇ ಉಳಿಯುತ್ತದೆ.

"ಫ್ಯ" ಅಂತ ಯಾಕೆ ಬರೆದಿರಿ? "ಫ್ಯಾ" ಬರೆದರೆ ಏನಾಗುತ್ತದೆ?

ಫ್ಯಾನ್, ಬ್ಯಾಂಕ್, ಕ್ಯಾಮೆರಾ ಎಂದು ಓದಿ ನೋಡಿ. ಅಲ್ಲಿ ಬಾಯಿ ಅಗಲವಾಗಿ ತೆರೆದು ಬೇರೆಯೇ ಸ್ವರ ಬರುತ್ತದೆ. ಇಂಗ್ಲಿಷಿನಿಂದ ಬಂದ ಪದಗಳ ಆ ಸ್ವರಕ್ಕೆ ನಾವು "್ಯಾ" ಗುರುತನ್ನು ಬಳಸುತ್ತಾ ಬಂದಿದ್ದೇವೆ. ಹಾಗಾಗಿ "ಫ್ಯಾತ್ಲ" ಎಂದು ಬರೆದರೆ ಓದುವವರು ಫ್ಯಾನಿನ "ಫ್ಯಾ" ಎಂದೇ ಓದುತ್ತಾರೆ. ಇಲ್ಲಿ ಬೇಕಿರುವುದು ಗಿಡ್ಡನೆಯ "ಅ". ಫ್ + ಯ. "ಸತ್ಯ"ದ ಕೊನೆಯಲ್ಲಿ "ಯ" ಹೇಗೆ ಹೇಳುತ್ತೀರೋ ಹಾಗೆ.

"ಫ" ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. "ಫಲ" ಪದದ ಮಹಾಪ್ರಾಣ ಬೇಡ.

ಆ ಎರಡು ಚುಕ್ಕಿ ಇರುವ ಓ ಬಗ್ಗೆ ಹೇಳಲೇ ಇಲ್ಲ.

ಈ ಸ್ವರ ಕನ್ನಡದಲ್ಲಿ ಇಲ್ಲ. ಹತ್ತಿರ ಹೋಗುವ ದಾರಿ ಇದೆ. ತುಟಿಗಳನ್ನು "ಓ" ಹೇಳುವ ಹಾಗೆ ಗುಂಡಗೆ ಇಟ್ಟುಕೊಳ್ಳಿ. ತುಟಿ ಅಲುಗಿಸದೆ "ಏ" ಹೇಳಿ. ಬಂದ ಸದ್ದೇ ಅದು. ಜರ್ಮನ್ ಕಲಿತವರಿಗೆ ಇದು ಈಗಾಗಲೇ ಗೊತ್ತಿರುತ್ತದೆ.

ಬರಲಿಲ್ಲವಾ? "ಯೋ" ಎನ್ನಿ, ಸಾಕು. ಅಲ್ಲಿಯವರಿಗೆ ಅರ್ಥವಾಗುತ್ತದೆ. "ಕು" ಕೂಡ ನಮ್ಮ "ಕು"ಗಿಂತ ಸ್ವಲ್ಪ ಮುಂದಕ್ಕೆ, "ಕಿ" ಕಡೆಗೆ ವಾಲಿದ ಸದ್ದು. ಅದಕ್ಕೂ ತಲೆ ಕೆಡಿಸಿಕೊಳ್ಳುವುದು ಬೇಡ. ಈ ಹೆಸರಿನಲ್ಲಿ ನಿಜವಾಗಿ ಕೆಲಸ ಮಾಡುವುದು "ಯ" ಮತ್ತು "ತ್ಲ".

ಹೆಸರಿನ ಅರ್ಥ ಏನು?

ಮೂರು ಪದ ಸೇರಿ ಆದ ಹೆಸರು. "ಏಯ್" ಅಂದರೆ ದ್ವೀಪ. "ಫ್ಯತ್ಲ್" ಅಂದರೆ ಬೆಟ್ಟ. "ಯೋಕುತ್ಲ್" ಅಂದರೆ ಬೆಟ್ಟದ ಮೇಲೆ ಕೂತ ದೊಡ್ಡ ಮಂಜುಗಡ್ಡೆಯ ಹಾಸು, ಹಿಮನದಿ. ಮೊದಲ ಎರಡು ಪದಗಳ ಕೊನೆಯಲ್ಲಿ ಸೇರಿರುವ "ಅ" ಸ್ವರಕ್ಕೆ "ಗಳ" ಅನ್ನುವ ಅರ್ಥ. ಅಲ್ಲಿಗೆ "ದ್ವೀಪಗಳ ಬೆಟ್ಟಗಳ ಹಿಮನದಿ" ಎಂದಾಯಿತು.

ನಮ್ಮ ಬಿಳಿಗಿರಿರಂಗನಬೆಟ್ಟವನ್ನು ನೆನೆಯಿರಿ. ಬಿಳಿ, ಗಿರಿ, ರಂಗ, ಬೆಟ್ಟ. ನಡುವೆ ಷಷ್ಠಿಯ ಒಂದು "ನ". ಕನ್ನಡ ಬಾರದವರ ಕಣ್ಣಿಗೆ ಅದು ಮುಗಿಯದ ರೈಲಿನಂತೆ ಕಾಣುತ್ತದೆ. ನಮಗೆ ಅದರಲ್ಲಿ ಕಷ್ಟವೇನಿದೆ? ಪದ ಎಲ್ಲಿ ಒಡೆಯುತ್ತದೆ ಎಂದು ಗೊತ್ತಿದ್ದರೆ ಉದ್ದ ಒಂದು ಸಮಸ್ಯೆಯೇ ಅಲ್ಲ. ಏಯ್ಯಫ್ಯತ್ಲಯೋಕುತ್ಲು ಕೂಡ ಅದೇ ತರಹದ ಕಟ್ಟಡ.

ಬೆಟ್ಟ ಇರುವುದು ದೊಡ್ಡ ನೆಲದ ಮೇಲೆ, ದಕ್ಷಿಣ ಕರಾವಳಿಯ ಹತ್ತಿರ. ಮತ್ತೆ "ದ್ವೀಪ" ಯಾಕೆ ಅಂತ ಕೇಳಬಹುದು. ಅದರ ಎದುರಿಗೆ ಕಡಲಲ್ಲಿ ವೆಸ್ಟ್‌ಮನ್ನಏಯ್ಯರ್ ಎಂಬ ದ್ವೀಪಗಳ ಗುಂಪು ಇದೆ. ದ್ವೀಪಗಳಿಗೆ ಮುಖ ಮಾಡಿ ನಿಂತ ಬೆಟ್ಟಗಳು, ಅವುಗಳ ಮೇಲಿನ ಮಂಜು. ಹೆಸರಿನೊಳಗೆ ಆ ಜಾಗದ ಇಡೀ ನೋಟವೇ ಇದೆ. 1963ರಲ್ಲಿ ಕಡಲೊಳಗಿನ ಜ್ವಾಲಾಮುಖಿಯಿಂದ ಅದೇ ಗುಂಪಿನಲ್ಲಿ ಹೊಸ ದ್ವೀಪವೊಂದು ಹುಟ್ಟಿತು. ಅದರ ಹೆಸರು ಸುರ್ಟ್ಸ್‌ಏಯ್. ಅದರ ಕೊನೆಯಲ್ಲೂ ಇದೇ "ಏಯ್".

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಈ ಮೂರು ಪದಗಳ ನೆಂಟರು ಇಂಗ್ಲಿಷಿನಲ್ಲೂ ಇದ್ದಾರೆ. ಐಲ್ಯಾಂಡ್ ಪದದ ಮೊದಲ ಭಾಗ "ಏಯ್"ಗೆ ನೆಂಟ. ಉತ್ತರ ಇಂಗ್ಲೆಂಡಿನಲ್ಲಿ ಬೆಟ್ಟಗಳಿಗೆ "ಫೆಲ್" ಎನ್ನುತ್ತಾರೆ, ಅದು "ಫ್ಯತ್ಲ್". ಸೂರಿನಿಂದ ಜೋತು ಬೀಳುವ ಮಂಜಿನ ಕಡ್ಡಿಗೆ "ಐಸಿಕಲ್" ಎನ್ನುತ್ತಾರಲ್ಲ, ಅದರ ಕೊನೆಯ "ಇಕಲ್" ಮತ್ತು "ಯೋಕುತ್ಲ್" ಒಂದೇ ಬೇರಿನವು. ಹೇಳಲಾಗದು ಎಂದು ಇಂಗ್ಲಿಷಿನವರು ಕೈಬಿಟ್ಟ ಹೆಸರಿನಲ್ಲಿ ಅವರದೇ ಮೂರು ಹಳೆಯ ಪದಗಳಿವೆ.

ಹಾಗಾದರೆ ಇದು ಜ್ವಾಲಾಮುಖಿಯ ಹೆಸರಾ, ಮಂಜಿನ ಹೆಸರಾ?

ಕಟ್ಟುನಿಟ್ಟಾಗಿ ಹೇಳಿದರೆ ಮಂಜಿನ ಹೆಸರು. ಜ್ವಾಲಾಮುಖಿ ಅದರ ಅಡಿಯಲ್ಲಿದೆ. ಬೆಟ್ಟದ ಸಾಲಿಗೆ ಏಯ್ಯಫ್ಯೋತ್ಲ್ ಎಂಬ ಹೆಸರು ಬೇರೆಯೇ ಇದೆ. ಮೇಲಿನ ಮಂಜಿನ ಹೆಸರೇ ಕೆಳಗಿನ ಬೆಂಕಿಗೂ ಬಂತು. ಈಗ ವಿಜ್ಞಾನಿಗಳು, ಪತ್ರಿಕೆಯವರು, ಊರಿನವರು ಎಲ್ಲರೂ ಎರಡಕ್ಕೂ ಒಂದೇ ಹೆಸರು ಬಳಸುತ್ತಾರೆ. ನಾವೂ ಬಳಸಬಹುದು. ತುದಿಯ ಎತ್ತರ ಸುಮಾರು 1,650 ಮೀಟರ್. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ.

ಆ ಬೆಟ್ಟದ ಸಾಲಿನ ಕೆಳಗೆ ಬದುಕುವವರ ವಿಳಾಸದಲ್ಲಿ "ಏಯ್ಯಫ್ಯೋತ್ಲ್ ಕೆಳಗೆ" ಎಂಬ ಅರ್ಥದ ಮಾತು ಬರುತ್ತದೆ. ನಮ್ಮಲ್ಲಿ "ಘಟ್ಟದ ಕೆಳಗಿನವರು" ಅನ್ನುತ್ತೇವಲ್ಲ, ಹಾಗೇ. ಬೆಟ್ಟವನ್ನು ನೋಡಿಕೊಂಡೇ ಬದುಕುವ ಜನ ಎಲ್ಲಿದ್ದರೂ ತಮ್ಮ ಜಾಗವನ್ನು ಹೀಗೇ ಗುರುತಿಸುತ್ತಾರೆ ಅಂತ ಕಾಣುತ್ತದೆ.

ಹೆಸರಿನ ಮುಂದೆ "ಹಿಮನದಿ" ಅಥವಾ "ಪರ್ವತ" ಸೇರಿಸಬಹುದಾ?

"ಏಯ್ಯಫ್ಯತ್ಲಯೋಕುತ್ಲು ಹಿಮನದಿ" ಎಂದರೆ ಹಿಮನದಿ ಎಂದು ಎರಡು ಸಲ ಹೇಳಿದ ಹಾಗೆ. "ನಡುಮಧ್ಯೆ" ಎನ್ನುತ್ತೇವಲ್ಲ, ಆ ತರಹ. ಓದುವವರಿಗೆ ಹೆಸರು ಹೊಸದಾದರೆ ಮೊದಲ ಸಲ "ಏಯ್ಯಫ್ಯತ್ಲಯೋಕುತ್ಲು ಜ್ವಾಲಾಮುಖಿ" ಎಂದು ಬರೆಯಿರಿ. ಆಮೇಲೆ ಹೆಸರು ಸಾಕು.

ಐಸ್‌ಲ್ಯಾಂಡಿನ ಸುದ್ದಿಯಲ್ಲಿ ಹೆಸರಿನ ಕೊನೆ ಒಂದೊಂದು ಸಲ ಒಂದೊಂದು ತರಹ ಇರುತ್ತದೆ. ಯಾವುದು ಸರಿ?

ಎಲ್ಲವೂ ಸರಿ. ಅವು ವಿಭಕ್ತಿಗಳು. ಇದನ್ನು ಇಂಗ್ಲಿಷಿನವರಿಗೆ ಅರ್ಥ ಮಾಡಿಸುವುದು ಕಷ್ಟ. ನಮಗೆ ಒಂದೇ ಮಾತಿನಲ್ಲಿ ಮುಗಿಯುತ್ತದೆ.

ಹೆಸರು ಕರ್ತೃವಾಗಿ ಬಂದರೆ ಕೊನೆ "ಯೋಕುತ್ಲ್". ಕರ್ಮವಾದರೆ "ಯೋಕುಲ್". "ಹಿಮನದಿಯ" ಎನ್ನಲು "ಯೋಕುಲ್ಸ್". "ಹಿಮನದಿಯಲ್ಲಿ" ಎನ್ನುವಾಗ "ಯೋಕ್ಲಿ". ಬೆಟ್ಟ ಸಿಡಿದ ಸುದ್ದಿಯಲ್ಲಿ ಜಾಸ್ತಿ ಕಾಣುವುದು ಈ ಕೊನೆಯ ರೂಪ, ಯಾಕೆಂದರೆ ಸ್ಫೋಟ ಆಗುವುದು ಬೆಟ್ಟದ "ಅಲ್ಲಿ" ತಾನೆ.

ಗಮನಿಸಿದಿರಾ? ಬೇರೆ ವಿಭಕ್ತಿಗಳಲ್ಲಿ ಒಂದು ಎಲ್ ಬಿದ್ದುಹೋಗುತ್ತದೆ, ಅದರ ಜೊತೆಗೆ "ತ್" ಸದ್ದೂ ಹೋಗುತ್ತದೆ. ಕೊನೆಯ ಆ ಎರಡನೆಯ ಎಲ್ ಪದದ ಬೇರಿಗೆ ಸೇರಿದ್ದೇ ಅಲ್ಲ, ಅದು ಪ್ರಥಮಾ ವಿಭಕ್ತಿಯ ಗುರುತು. ನಡುವಿನ "ಫ್ಯತ್ಲ"ದಲ್ಲಿ ಮಾತ್ರ ಎರಡೂ ಎಲ್ ಬೇರಿನವೇ. ಅದಕ್ಕೇ ಅವು ಯಾವಾಗಲೂ ಇರುತ್ತವೆ.

ಹಿಮನದಿಯ ಅಡಿಯಲ್ಲಿ ಕರಗಿದ ನೀರು ಒಮ್ಮೆಲೇ ನುಗ್ಗಿ ಬರುವ ಪ್ರವಾಹಕ್ಕೆ ಜಗತ್ತಿನ ಭೂವಿಜ್ಞಾನಿಗಳು ಬಳಸುವ ಪದವೂ ಐಸ್‌ಲ್ಯಾಂಡಿನದೇ: ಯೋಕುಲ್‌ಹ್ಲೋಯ್ಪ್. ಅದರ ಮೊದಲ ಭಾಗದ ಕೊನೆಯಲ್ಲಿ ಒಂದೇ ಎಲ್ ಇದೆ. ಆದ್ದರಿಂದ "ಯೋಕುಲ್", "ಯೋಕುತ್ಲ್" ಅಲ್ಲ.

ಕನ್ನಡದಲ್ಲಿ ಬರೆಯುವಾಗ ಯಾವ ರೂಪ ಇಟ್ಟುಕೊಳ್ಳಲಿ?

ನನ್ನ ಸಲಹೆ "ಏಯ್ಯಫ್ಯತ್ಲಯೋಕುತ್ಲು". ಬಸ್ ನಮ್ಮಲ್ಲಿ ಬಸ್ಸು ಆಯಿತು, ರೈಲ್ ರೈಲು ಆಯಿತು. ಕೊನೆಗೆ ಒಂದು "ಉ" ಸೇರಿಸಿಕೊಂಡರೆ ಪದ ನಮ್ಮ ಬಾಯಿಗೆ ಹೊಂದುತ್ತದೆ, ವಿಭಕ್ತಿಯೂ ಸಲೀಸಾಗಿ ಸೇರುತ್ತದೆ: ಏಯ್ಯಫ್ಯತ್ಲಯೋಕುತ್ಲಿನ ಬೂದಿ, ಏಯ್ಯಫ್ಯತ್ಲಯೋಕುತ್ಲಿಗೆ ಹೋದೆವು, ಏಯ್ಯಫ್ಯತ್ಲಯೋಕುತ್ಲಿನಲ್ಲಿ ಮಂಜು ಕರಗಿತು. ಐಸ್‌ಲ್ಯಾಂಡಿನ ವಿಭಕ್ತಿಯ ಮೇಲೆ ನಮ್ಮ ವಿಭಕ್ತಿ ಹೇರಬೇಡಿ. ಅವರ ಪ್ರಥಮಾ ರೂಪ ತೆಗೆದುಕೊಂಡು ಅದಕ್ಕೆ ನಮ್ಮ ಪ್ರತ್ಯಯ ಹಚ್ಚಿ.

"ಲ್ಲ" ಇಟ್ಟು "ಏಯ್ಯಫ್ಯಲ್ಲಯೋಕುಲ್" ಎಂದು ಬರೆಯುವವರೂ ಇರುತ್ತಾರೆ. ಅದು ಕಾಗುಣಿತವನ್ನು ನೋಡಿ ಬರೆದದ್ದು. ನಾನಾದರೆ ಕಿವಿಯನ್ನು ನಂಬುತ್ತೇನೆ. ಕನ್ನಡ ಲಿಪಿಯ ದೊಡ್ಡ ಗುಣವೇ ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು. ಆ ಗುಣ ಇರುವಾಗ ಬಿಡುವುದು ಯಾಕೆ?

"ಇ-15" ಅಂತ ಒಂದು ಹೆಸರು ನೋಡಿದ್ದೆ. ಅದೂ ಇದೇನಾ?

ಹೌದು. ಮೊದಲ ಅಕ್ಷರ ಇ, ಆಮೇಲೆ 15 ಅಕ್ಷರ. 2010ರಲ್ಲಿ ಹೆಸರು ಹೇಳಲಾಗದವರು ಮಾಡಿಕೊಂಡ ಅಡ್ಡದಾರಿ. ದಯವಿಟ್ಟು ಬಳಸಬೇಡಿ.

2010ರಲ್ಲಿ ನಿಜವಾಗಿ ಆಗಿದ್ದೇನು?

ಮಾರ್ಚ್ 20ರ ರಾತ್ರಿ ಬೆಟ್ಟದ ಪೂರ್ವ ಮಗ್ಗುಲಿನ ಫಿಮ್‌ವೋರ್ಧುಹೌಲ್ಸ್ ಎಂಬ ಕಣಿವೆದಾರಿಯಲ್ಲಿ ನೆಲ ಬಿರಿದು ಲಾವಾ ಚಿಮ್ಮಿತು. ಅಲ್ಲಿ ಮಂಜುಗಡ್ಡೆಯ ಹಾಸು ಇರಲಿಲ್ಲ. ಜನ ಹತ್ತಿರ ಹೋಗಿ ನೋಡಿ ಬಂದರು. ಅಲ್ಲಿ ಹುಟ್ಟಿದ ಎರಡು ಹೊಸ ಗುಡ್ಡಗಳಿಗೆ ಮಾಗ್ನಿ, ಮೋಧಿ ಎಂದು ಥೋರ್ ದೇವರ ಮಕ್ಕಳ ಹೆಸರಿಟ್ಟರು. ಏಪ್ರಿಲ್ 12ರ ಹೊತ್ತಿಗೆ ಅದು ತಣ್ಣಗಾಯಿತು.

ಎರಡು ದಿನ ಬಿಟ್ಟು, ಏಪ್ರಿಲ್ 14ರಂದು, ಬೆಟ್ಟದ ನೆತ್ತಿಯಲ್ಲೇ ಸಿಡಿಯಿತು. ಈ ಸಲ ಮೇಲೆ ಮಂಜುಗಡ್ಡೆ ಇತ್ತು. ಕಾದ ಶಿಲಾರಸಕ್ಕೆ ಕರಗಿದ ನೀರು ತಾಗಿತು. ಕೆಂಪಗೆ ಕಾದ ಗಾಜಿಗೆ ತಣ್ಣೀರು ಎರಚಿದ ಹಾಗೆ ಅದು ಒಡೆದು ನುಣ್ಣನೆ ಪುಡಿಯಾಯಿತು. ಆ ಬೂದಿ ಆಕಾಶದಲ್ಲಿ ಸುಮಾರು 9 ಕಿಲೋಮೀಟರ್ ಎತ್ತರಕ್ಕೆ ಏರಿತು. ಗಾಳಿ ಯೂರೋಪಿನ ಕಡೆಗೇ ಬೀಸುತ್ತಿತ್ತು. ಹೀಗೆ ಮಂಜು ಮತ್ತು ಬೆಂಕಿ ಸೇರಿದ್ದರಿಂದಲೇ ಇಷ್ಟು ರಾದ್ಧಾಂತ ಆಯಿತು. ಬೆಟ್ಟದ ಹೆಸರಿನಲ್ಲಿ "ಯೋಕುತ್ಲ್" ಇರುವುದು ಎಷ್ಟು ಮುಖ್ಯ ಅಂತ ಅವತ್ತು ಗೊತ್ತಾಯಿತು.

ಬೂದಿ ಎಂದರೆ ಒಲೆಯ ಬೂದಿ ಅಲ್ಲ. ಸಣ್ಣ ಸಣ್ಣ ಗಾಜಿನ, ಕಲ್ಲಿನ ಚೂರು. ಜೆಟ್ ಇಂಜಿನ್ನಿನ ಬಿಸಿಗೆ ಅದು ಕರಗಿ ಒಳಗೆ ಮೆತ್ತಿಕೊಳ್ಳುತ್ತದೆ. 1982ರಲ್ಲಿ ಇಂಡೋನೇಷ್ಯಾದ ಗಲುಂಗ್ಗುಂಗ್ ಬೂದಿಯೊಳಗೆ ಹಾರಿದ ವಿಮಾನವೊಂದರ ನಾಲ್ಕೂ ಇಂಜಿನ್ ನಿಂತಿದ್ದವು. ಅವು ಮತ್ತೆ ಚಾಲೂ ಆಗಿ ವಿಮಾನ ಇಳಿಯಿತು, ಜನ ಉಳಿದರು. ಆ ನೆನಪು ಎಲ್ಲರಿಗೂ ಇತ್ತು. ಆದ್ದರಿಂದ 2010ರಲ್ಲಿ ಯೂರೋಪಿನ ಬಹುಭಾಗದಲ್ಲಿ ಸುಮಾರು ಆರು ದಿನ ಹಾರಾಟ ನಿಲ್ಲಿಸಿದರು. ಸುಮಾರು 1 ಲಕ್ಷ ಹಾರಾಟಗಳು ರದ್ದಾದವು, ಸುಮಾರು 1 ಕೋಟಿ ಪ್ರಯಾಣಿಕರಿಗೆ ತೊಂದರೆಯಾಯಿತು. ಭಾರತದಿಂದ ಆ ಕಡೆ ಹೊರಡಬೇಕಿದ್ದವರೂ ಅಲ್ಲಿಂದ ಊರಿಗೆ ಬರಬೇಕಿದ್ದವರೂ ನಿಲ್ದಾಣಗಳಲ್ಲಿ ಉಳಿದರು. ಬೆಟ್ಟದ ಬುಡದ ರೈತರ ಕಷ್ಟ ಸುದ್ದಿಯಲ್ಲಿ ಕಡಿಮೆ ಬಂತು. ಹಗಲಲ್ಲೇ ಕತ್ಲೆ, ಹೊಲದ ಮೇಲೆಲ್ಲ ಬೂದಿ, ನೂರಾರು ಜನ ಮನೆ ಬಿಟ್ಟು ಹೊರಡಬೇಕಾಯಿತು. ಮೇ ಕೊನೆಯ ಹೊತ್ತಿಗೆ ಬೆಟ್ಟ ಸುಮ್ಮನಾಯಿತು.

ಪಕ್ಕದ "ಕಾತ್ಲಾ" ಹೆಸರಲ್ಲೂ ತ್ಲ ಇದೆ. ಅದೇ ಸದ್ದಾ?

ಹತ್ತಿರ, ಆದರೆ ಒಂದೇ ಅಲ್ಲ. ಆ ಹೆಸರನ್ನು ಬರೆಯುವುದೇ ಟಿ, ಎಲ್ ಇಟ್ಟು. ಅಂಥ ಕಡೆ "ತ್" ಬರುವ ಮುಂಚೆ ಒಂದು ಸಣ್ಣ ಉಸಿರು ಬಿಡುತ್ತಾರೆ: ಕಹ್‌ತ್ಲ. ಕಾತ್ಲಾ ದೊಡ್ಡ ಜ್ವಾಲಾಮುಖಿ, ಅದರ ಕೊನೆಯ ದೊಡ್ಡ ಸ್ಫೋಟ 1918ರಲ್ಲಿ ಆಯಿತು. ಅಲ್ಲಿ ಹೆಣ್ಣುಮಕ್ಕಳಿಗೂ ಈ ಹೆಸರಿಡುತ್ತಾರೆ.

2021ರಲ್ಲಿ ಸಿಡಿದ ಫಗ್ರದಲ್ಸ್‌ಫ್ಯತ್ಲ್ ಹೆಸರನ್ನು ಈಗ ನೀವೇ ಬಿಡಿಸಬಹುದು. ಕೊನೆಯಲ್ಲಿ ಬೆಟ್ಟ ಇದೆ. ಮುಂದಿನದು "ಚಂದದ ಕಣಿವೆ".

ಮೆಕ್ಸಿಕೋದ ಪೊಪೊಕಟೆಪೆಟ್ಲ್ ಜ್ವಾಲಾಮುಖಿಯ ಹೆಸರಿನ ಕೊನೆಗೂ ಇದಕ್ಕೂ ನಂಟಿದೆಯಾ?

ಅದು ನವಾಟ್ಲ್ ಎಂಬ ಅಲ್ಲಿನ ಮೂಲ ಜನರ ಭಾಷೆಯ ಹೆಸರು, ಅರ್ಥ "ಹೊಗೆಯಾಡುವ ಬೆಟ್ಟ". ಕೊನೆಯ ಸದ್ದು ಕಿವಿಗೆ ಅಣ್ಣತಮ್ಮನಂತೆ ಕೇಳುತ್ತದೆ. ಭಾಷೆಗಳಿಗೆ ಮಾತ್ರ ಯಾವ ನಂಟೂ ಇಲ್ಲ.

ಜ್ವಾಲಾಮುಖಿಗೆ ಐಸ್‌ಲ್ಯಾಂಡಿನವರು ಏನನ್ನುತ್ತಾರೆ?

ಎಲ್ದ್‌ಫ್ಯತ್ಲ್. "ಎಲ್ದ್" ಬೆಂಕಿ, "ಫ್ಯತ್ಲ್" ಬೆಟ್ಟ. ನಮ್ಮ "ಅಗ್ನಿಪರ್ವತ" ಪದವೂ ಇದನ್ನೇ ಹೇಳುತ್ತದೆ. ನನ್ನ ಕೇಳಿದರೆ "ಬೆಂಕಿಬೆಟ್ಟ" ಎಂದರೆ ಇನ್ನೂ ಚೆನ್ನ.

ಅಷ್ಟು ದೂರದ ಬೆಟ್ಟ. ಹೆಸರು ತಪ್ಪಾದರೆ ಏನು ಮಹಾ? ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ತಪ್ಪಾದರೆ ಯಾರೂ ಬೈಯುವುದಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಗಾಯಕಿಯೊಬ್ಬರು ಉಕುಲೆಲೆ ಎಂಬ ಪುಟ್ಟ ಗಿಟಾರಿನಂಥ ವಾದ್ಯ ಹಿಡಿದು ಟೀವಿಯಲ್ಲಿ ಈ ಹೆಸರನ್ನು ಹಾಡಿಯೇ ಕಲಿಸಿದರು. ಪ್ರಯತ್ನ ಪಟ್ಟವರನ್ನು ಕಂಡರೆ ಅವರಿಗೆ ಖುಷಿ.

ಆದರೂ ನನಗೆ ಇದು ಮುಖ್ಯ. ನಮ್ಮ ಊರುಗಳ "ಳ" ಸದ್ದನ್ನು ಹೊರಗಿನವರು "ಲ" ಮಾಡಿದಾಗ ಏನೋ ಕಳೆದುಹೋದ ಹಾಗೆ ಅನಿಸುತ್ತದೆ ಅಲ್ವಾ? ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯಬೇಕು ಎಂದು ಎಷ್ಟೋ ವರ್ಷ ಕೇಳಿದೆವು. 2014ರ ನವೆಂಬರ್ 1ರಂದು ಅದು ಜಾರಿಗೆ ಬಂತು. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಕೂಡ ಅವತ್ತೇ ಬದಲಾದವು. ಆ ಬೆಟ್ಟದ ಬುಡದಲ್ಲಿ ಇರುವವರಿಗೂ ಅದು ಅವರ ಊರಿನ ಹೆಸರು.

ಸರಿ, ಬಾಯಿಗೆ ಕೂರಿಸಿಕೊಳ್ಳುವುದು ಹೇಗೆ?

ಹಿಂದಿನಿಂದ ಶುರು ಮಾಡಿ. ಮುಂದಿನಿಂದ ಹೋದರೆ ನಡುವೆ ಉಸಿರು ಕಟ್ಟುತ್ತದೆ. ಮೊದಲು "ಹಿತ್ಲು" ನಾಲ್ಕು ಸಲ. ಆಮೇಲೆ "ಕುತ್ಲ್". "ಯೋಕುತ್ಲ್". ಇಲ್ಲಿ ಸ್ವಲ್ಪ ನಿಲ್ಲಿ. "ಕತ್ಲೆ" ಹೇಳಿ, ಅದರ "ಕ" ತೆಗೆದು "ಫ್ಯ" ಇಡಿ, ಕೊನೆಗೆ "ಅ": "ಫ್ಯತ್ಲ". ಎರಡನ್ನೂ ಸೇರಿಸಿ: "ಫ್ಯತ್ಲಯೋಕುತ್ಲ್". ಈಗ ದೂರದ ಬೆಟ್ಟವನ್ನು ಕೂಗಿ ಕರೆಯುವ ಹಾಗೆ ಮುಂದೆ "ಏಯ್ಯ" ಹಚ್ಚಿ. ಹತ್ತು ಸಲ ಹೇಳುವಷ್ಟರಲ್ಲಿ ಬರುತ್ತದೆ.